ಅಮೆರಿಕದ ಅಂತರ್ಯುದ್ಧದ ಕ್ಯಾಂಪಿಗೆ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ, ಏನೇನು ತಿಳಿದಿರಬೇಕು?

ಅರಸೀಕೆರೆ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೇರಿಲ್ಯಾಂಡಿನಲ್ಲಿ. ಮಗನಿಗೆ 13 ವರ್ಷ. ಹೋದ ವರ್ಷ ಶಾಲೆಯಿಂದ ಆಂಟೀಟಮ್ ಯುದ್ಧಭೂಮಿ ನೋಡಲು ಹೋಗಿದ್ದ. ಅವತ್ತಿನಿಂದ ಅದೇ ಧ್ಯಾನ. ಲೈಬ್ರರಿಯಿಂದ ತಂದ ಪುಸ್ತಕ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ. ಈಗ ನಮ್ಮ ಕಡೆಯ, ಆ ಕಾಲದ ವೇಷ ಹಾಕಿ ಯುದ್ಧವನ್ನು ಮತ್ತೆ ಆಡಿ ತೋರಿಸುವ ಒಂದು ರೀಎನಾಕ್ಟ್‌ಮೆಂಟ್ ಗುಂಪಿಗೆ ಸೇರಬೇಕು ಅಂತ ಹಟ. ಉತ್ತರದವರ, ಅಂದರೆ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ರಾಜ್ಯಗಳ ವಿರುದ್ಧ ಹೋರಾಡಿದವರ, ಕಾಲಾಳು ಪಡೆಯ ಗುಂಪು. ಸೆಪ್ಟೆಂಬರ್‌ನಲ್ಲಿ ಎರಡು ರಾತ್ರಿ ಕ್ಯಾಂಪ್ ಇದೆ. ಅಪ್ಪನೂ ಜೊತೆಗೆ ಬಂದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ನಾನು ಒಪ್ಪಿದ್ದೇನೆ.

ಆದರೆ ಕೆಲವು ವಿಷಯ ಯಾರನ್ನು ಕೇಳಬೇಕೋ ಗೊತ್ತಾಗುತ್ತಿಲ್ಲ. ಒಂದು, ನಾವು ಸಸ್ಯಾಹಾರಿಗಳು. ಆ ಕಾಲದ ಸಿಪಾಯಿಗಳು ಉಪ್ಪು ಹಾಕಿದ ಹಂದಿ ಮಾಂಸ ತಿನ್ನುತ್ತಿದ್ದರು ಅಂತ ಓದಿದೆ. ಮನೆಯಿಂದ ಚಪಾತಿ ಕಟ್ಟಿಕೊಂಡು ಹೋದರೆ ತಪ್ಪಾಗುತ್ತಾ? ಇನ್ನೊಂದು, ನನ್ನ ಹೆಂಡತಿಗೆ ಬಂದೂಕಿನ ಭಯ. ಮಗನ ಕೈಗೆ ಕೊಡುತ್ತಾರಾ? ಆನ್‌ಲೈನ್‌ನಲ್ಲಿ ಬಟ್ಟೆ, ಶೂ, ಡೇರೆ, ಬಂದೂಕು ಎಲ್ಲಾ ಲೆಕ್ಕ ಹಾಕಿದರೆ ಎರಡು ಸಾವಿರ ಡಾಲರ್ ಮೇಲೆ ಆಗುತ್ತದೆ. ಈಗಲೇ ತೆಗೆದುಕೊಳ್ಳಬೇಕಾ?

ಕೊನೆಯದು ಕೇಳಲು ಸ್ವಲ್ಪ ಸಂಕೋಚ. ಅಲ್ಲಿ ಹೋಗಿ ನೋಡಿದೆ, ಎಲ್ಲರೂ ಬಿಳಿಯರು. ನಾನೂ ಮಗನೂ ಆ ನೀಲಿ ಕೋಟು ಹಾಕಿ ನಿಂತರೆ ಹೇಗಿರುತ್ತದೆ? ಚರಿತ್ರೆಗೆ ಅಪಚಾರ ಮಾಡಿದ ಹಾಗಾಗುತ್ತದಾ? ಅವನಿಗೆ ಈ ಪ್ರಶ್ನೆ ಹೊಳೆದಿಲ್ಲ. ನನಗೆ ಹೊಳೆದಿದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಬ್ಯಾಟರಾಯನಪುರ

ಸಾರ್, ನಾನು ಮೂರು ವರ್ಷದ ಹಿಂದೆ ಪೆನ್ಸಿಲ್ವೇನಿಯಾದ ಯುದ್ಧಭೂಮಿ ಗೆಟಿಸ್‌ಬರ್ಗ್ ಹತ್ತಿರ ಒಮ್ಮೆ ಪ್ರೇಕ್ಷಕನಾಗಿ ಹೋಗಿದ್ದೆ. ಜುಲೈ ಬಿಸಿಲು. ಉಣ್ಣೆ ಬಟ್ಟೆ ಹಾಕಿಕೊಂಡವರನ್ನು ನೋಡಿಯೇ ಸುಸ್ತಾಯಿತು. ಸೆಪ್ಟೆಂಬರ್ ಆದರೆ ಪರವಾಗಿಲ್ಲ. ಇನ್ನೊಂದು ವಿಷಯ, ಎರಡು ಕಡೆಯವರು ಎದುರುಬದುರು ನಿಂತು ಗುಂಡು ಹಾರಿಸುವ ಆಟವನ್ನು ನ್ಯಾಷನಲ್ ಪಾರ್ಕ್‌ನವರು ತಮ್ಮ ಯುದ್ಧಭೂಮಿಯೊಳಗೆ ಬಿಡುವುದಿಲ್ಲ. ಅಲ್ಲಿ ಕ್ಯಾಂಪ್ ತೋರಿಸಬಹುದು, ಗುಂಡು ಹಾರಿಸುವ ವಿಧಾನ ತೋರಿಸಬಹುದು, ಅಷ್ಟೇ. ಯುದ್ಧ ಮಾಡುವುದೆಲ್ಲ ಪಕ್ಕದ ಖಾಸಗಿ ಜಮೀನುಗಳಲ್ಲಿ. ನಿಮ್ಮದು ಯಾವ ತರದ್ದು ಅಂತ ಮೊದಲು ವಿಚಾರಿಸಿ. ಮಿಕ್ಕಿದ್ದಕ್ಕೆ ಮೂಡಿಗೆರೆ ಅಕ್ಕ ಇದ್ದಾರೆ, ಅವರು ಬರಲಿ.

ಮೂಡಿಗೆರೆ ಅಕ್ಕ

ಬಂದೆ. ರಾತ್ರಿ ಪಾಳಿ ಮುಗಿಸಿ ಬಂದು ನಿಮ್ಮ ಪ್ರಶ್ನೆ ನೋಡಿದೆ, ನಿದ್ದೆ ಹೋಯಿತು. ಉದ್ದ ಬರೆಯುತ್ತೇನೆ, ಓದಿ.

ನಾನು ಪೆನ್ಸಿಲ್ವೇನಿಯಾದಲ್ಲಿ ನರ್ಸ್. ಹನ್ನೊಂದು ವರ್ಷದಿಂದ ಒಂದು ಗುಂಪಿನ ಜೊತೆ ಹೋಗುತ್ತಿದ್ದೇನೆ. ನಮ್ಮದು ಆಸ್ಪತ್ರೆ ಡೇರೆ. ಬಂದೂಕು ನಾನು ಮುಟ್ಟಿಲ್ಲ. ಆದರೆ ಸಿಪಾಯಿಗಳು ಏನು ತಿನ್ನುತ್ತಾರೆ, ಎಲ್ಲಿ ಮಲಗುತ್ತಾರೆ, ಯಾರಿಗೆ ಯಾವ ಕಾಲಿನಲ್ಲಿ ಬೊಬ್ಬೆ ಎದ್ದಿದೆ ಎಲ್ಲಾ ನನಗೆ ಗೊತ್ತಿರುತ್ತದೆ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. ಜೋಸೆಫ್ ಪಿಯರ್ಸ್ ಅಂತ ಒಬ್ಬ ಇದ್ದ. ಹುಟ್ಟಿದ್ದು ಚೀನಾದಲ್ಲಿ. 14ನೇ ಕನೆಕ್ಟಿಕಟ್ ಪಡೆಯಲ್ಲಿ ಸಿಪಾಯಿ, ಗೆಟಿಸ್‌ಬರ್ಗ್‌ನಲ್ಲಿ ಹೋರಾಡಿದವನು. ಅವನ ಫೋಟೋ ಇದೆ, ಮಗನಿಗೆ ತೋರಿಸಿ. ಉತ್ತರದ ಸೈನ್ಯದಲ್ಲಿ ಕಪ್ಪು ಸಿಪಾಯಿಗಳೇ ಸುಮಾರು 1,80,000 ಮಂದಿ. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ. ಇವರಿಗೆ 10 ಡಾಲರ್, ಅದರಲ್ಲೂ 3 ಡಾಲರ್ ಬಟ್ಟೆಗೆ ಮುರಿದುಕೊಳ್ಳುತ್ತಿದ್ದರು. 1864ರ ಜೂನ್‌ನಲ್ಲಿ ಸರಿಯಾಗುವ ತನಕ ಹೀಗೇ ನಡೆಯಿತು. ಕ್ಯಾಂಪಿನ ಒಳಗೆ ಅಡುಗೆ ಮಾಡಿದವರು, ಬಟ್ಟೆ ಒಗೆದವರು, ರೋಗಿಗಳನ್ನು ನೋಡಿಕೊಂಡವರು ಎಷ್ಟೋ ಮಂದಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಸೂಸಿ ಕಿಂಗ್ ಟೇಲರ್ ಹೆಸರು ಕೇಳಿದ್ದೀರಾ? ಗುಲಾಮಳಾಗಿ ಹುಟ್ಟಿದ ಹುಡುಗಿ. ಸೈನ್ಯದ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ಸಿಪಾಯಿಗಳಿಗೆ ಅಕ್ಷರ ಕಲಿಸಿದಳು, ರೋಗಿಗಳ ಸೇವೆ ಮಾಡಿದಳು. ಆಸ್ಪತ್ರೆ ಡೇರೆಯಲ್ಲಿ ನಿಂತಾಗ ನಾನು ಜನರಿಗೆ ಹೇಳುವುದು ಅವಳ ಕಥೆಯನ್ನೇ.

ಹಾಗಾಗಿ ಕ್ಯಾಂಪ್ ಅಂದರೆ ಬಿಳಿ ಮುಖ ಮಾತ್ರ ಅಂದುಕೊಂಡರೆ ಅದೇ ಚರಿತ್ರೆಗೆ ಮಾಡುವ ಅಪಚಾರ. ನನ್ನನ್ನೂ ಮೊದಲ ವರ್ಷ ಒಬ್ಬ ಮುದುಕರು ಕೇಳಿದರು, ನೀನು ಯಾರ ಪಾತ್ರ ಅಂತ. ಯಾರ ಪಾತ್ರವೂ ಅಲ್ಲ, ಕೆಲಸ ತೋರಿಸುತ್ತಿದ್ದೇನೆ ಎಂದೆ. ಬ್ಯಾಂಡೇಜ್ ಸುತ್ತುವುದನ್ನು ನೋಡುತ್ತಾ ಅರ್ಧ ಗಂಟೆ ಕೂತರು. ನೀವೂ ಅಷ್ಟೇ ಮಾಡಿ. ಕೇಳಿದವರಿಗೆ ನಾವು ಹಾಸನ ಕಡೆಯವರು, ಇದನ್ನು ಕಲಿಯಲು ಬಂದಿದ್ದೇವೆ ಅನ್ನಿ. ಮಗನಿಗೂ ಹಾಗೇ ಹೇಳಿಕೊಡಿ. ಒಂದೇ ಒಂದು ಮಾತು: ಮುಂದೆ ಯಾರಾದರೂ ಬೂದು ಬಣ್ಣದ ದಕ್ಷಿಣದ ಸಮವಸ್ತ್ರ ಚೆನ್ನಾಗಿದೆ, ಆ ಕಡೆ ಬಾ ಅಂತ ಕರೆದರೆ, ಆ ಸೈನ್ಯ ಯಾವುದನ್ನು ಉಳಿಸಿಕೊಳ್ಳಲು ಹೋರಾಡಿತು ಅಂತ ಮಗನ ಜೊತೆ ಕೂತು ಮಾತಾಡಿ. ಆಮೇಲೆ ನಿರ್ಧಾರ ಮಾಡಿ.

ಈಗ ದುಡ್ಡಿನ ವಿಷಯ. ಏನೂ ಕೊಳ್ಳಬೇಡಿ. ಹೊಸಬರಿಗೆ ಕೊಡಲು ಹೆಚ್ಚಿನ ಗುಂಪುಗಳಲ್ಲಿ ಎರವಲು ಸಾಮಾನು ಇರುತ್ತದೆ. ನನ್ನ ಯಜಮಾನರು ಆತುರಪಟ್ಟು ಒಂದು ಆನ್‌ಲೈನ್ ಅಂಗಡಿಯಿಂದ ಶೂ ತರಿಸಿದರು. ನೋಡಲು ಹಳೆಯದರ ಹಾಗೇ ಇತ್ತು. ತಿರುಗಿಸಿ ನೋಡಿದರೆ ಅಟ್ಟೆ ರಬ್ಬರ್. ಮೊದಲ ಡ್ರಿಲ್‌ನಲ್ಲೇ ಸಾರ್ಜೆಂಟ್ ಕಣ್ಣಿಗೆ ಬಿತ್ತು. ನೂರು ಡಾಲರ್ ನೀರಿಗೆ ಹೋಯಿತು. ಬಂದೂಕಂತೂ ಮೊದಲ ವರ್ಷ ಬೇಡವೇ ಬೇಡ. ಇಟಲಿಯಲ್ಲಿ ಮಾಡಿದ 1861ರ ಸ್ಪ್ರಿಂಗ್‌ಫೀಲ್ಡ್ ಮಾದರಿ ಸಾವಿರ ಡಾಲರ್ ದಾಟುತ್ತದೆ. ಕೊಳ್ಳುವುದಿದ್ದರೆ ಮೊದಲು ಶೂ, ಆಮೇಲೆ ಉಣ್ಣೆ ಕಂಬಳಿ. ಕಾಲು ಮತ್ತು ನಿದ್ದೆ ಸರಿ ಇದ್ದರೆ ಉಳಿದದ್ದನ್ನು ತಡೆದುಕೊಳ್ಳಬಹುದು.

ಈ ಜನ ಸುಳ್ಳು ಸಾಮಾನಿಗೆ 'ಫಾರ್ಬ್' ಅನ್ನುತ್ತಾರೆ. ಮೊಬೈಲ್, ಪ್ಲಾಸ್ಟಿಕ್ ಬಾಟಲಿ, ಕೈಗಡಿಯಾರ, ಪಾಲಿಯೆಸ್ಟರ್ ಕಾಲುಚೀಲ, ಎಲ್ಲಾ ಫಾರ್ಬ್. ಮಗನಿಗೆ ಈ ಪದ ಒಂದು ಗಂಟೆಯಲ್ಲಿ ಬಾಯಿಪಾಠ ಆಗುತ್ತದೆ, ನಿಮ್ಮ ಮೇಲೇ ಪ್ರಯೋಗ ಮಾಡುತ್ತಾನೆ. ಆದರೆ ಕನ್ನಡಕ, ಇನ್‌ಹೇಲರ್, ಬಿಪಿ ಮಾತ್ರೆ ಇದಕ್ಕೆಲ್ಲ ಯಾರ ಮಾತೂ ಕೇಳಬೇಡಿ. ಬಟ್ಟೆ ಚೀಲದಲ್ಲಿ ಕಟ್ಟಿ ಜೇಬಿನಲ್ಲಿ ಇಟ್ಟುಕೊಳ್ಳಿ. ಮೂರು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಒಬ್ಬ ಹುಡುಗ ಡ್ರಿಲ್ ನಡುವೆ ಬೆವರುವುದು ನಿಂತು, ಮಾತು ತೊದಲಿ, ನನ್ನ ಮುಂದೆಯೇ ಕುಸಿದ. ಅವನ ಕೋಟು ಕಿತ್ತು ಬಿಸಾಕಿ ಐಸ್ ಹಾಕಿ ಆಂಬುಲೆನ್ಸ್ ಕರೆದೆವು. ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯಿರಿ. ಮಗ ಬೆವರುತ್ತಿದ್ದಾನಾ ಅಂತ ಅವನ ಕತ್ತು ಮುಟ್ಟಿ ನೋಡುತ್ತಿರಿ.

ಬಂದೂಕು: ನಮ್ಮಲ್ಲಿ 16 ವರ್ಷದ ಕೆಳಗಿನವರಿಗೆ ಕೊಡುವುದಿಲ್ಲ. ನಿಮ್ಮ ಗುಂಪಿನಲ್ಲೂ ಇಂಥದ್ದೊಂದು ನಿಯಮ ಇದ್ದೇ ಇರುತ್ತದೆ, ಕೇಳಿ ನೋಡಿ. ದೊಡ್ಡವರದ್ದರಲ್ಲೂ ಗುಂಡು ಇರುವುದಿಲ್ಲ, ಕಾಗದದ ತೋಟೆಯಲ್ಲಿ ಮದ್ದು ಮಾತ್ರ. ಕದನ ತೋರಿಸುವಾಗ ಗಜ, ಅಂದರೆ ನಳಿಗೆಯೊಳಗೆ ಮದ್ದು ತುರುಕುವ ಕಬ್ಬಿಣದ ಕೋಲು, ಹೊರಗೆ ತೆಗೆಯುವುದೇ ಇಲ್ಲ, ಅಪ್ಪಿತಪ್ಪಿ ಅದು ನಳಿಗೆಯಲ್ಲಿ ಉಳಿದರೆ ಬಾಣದ ಹಾಗೆ ಹಾರುತ್ತದೆ. ನಿಮ್ಮ ಮನೆಯವರಿಗೆ ಇದನ್ನು ಹೇಳಿ.

ಹುಡುಗನಿಗೆ ಡ್ರಮ್ ಇದೆಯಲ್ಲ. ಆ ಕಾಲದ ಕ್ಯಾಂಪ್ ನಡೆಯುತ್ತಿದ್ದದ್ದೇ ಡ್ರಮ್ ಮೇಲೆ. ಏಳುವುದಕ್ಕೆ ಒಂದು ಬಡಿತ, ಹಾಜರಿಗೆ ಒಂದು, ಊಟಕ್ಕೆ ಒಂದು, ಕಾಯಿಲೆಯವರು ಡಾಕ್ಟರ್ ಹತ್ತಿರ ಬರಲು ಒಂದು. ರಾತ್ರಿ ದೀಪ ಆರಿಸಲು ಊದುವ ಕಹಳೆ ಈಗಲೂ ಅಮೆರಿಕದ ಸೈನಿಕರ ಅಂತ್ಯಕ್ರಿಯೆಯಲ್ಲಿ ಕೇಳುತ್ತೇವಲ್ಲ, ಅದು ಹುಟ್ಟಿದ್ದು 1862ರ ಜುಲೈನಲ್ಲಿ, ವರ್ಜೀನಿಯಾದ ಹ್ಯಾರಿಸನ್ಸ್ ಲ್ಯಾಂಡಿಂಗ್ ಕ್ಯಾಂಪಿನಲ್ಲಿ. ಜನರಲ್ ಬಟರ್‌ಫೀಲ್ಡ್ ತಿದ್ದಿ ಕೊಟ್ಟ ಸ್ವರ ಅದು. ಕತ್ತಲಲ್ಲಿ ಡೇರೆಯೊಳಗೆ ಮಲಗಿ ಕೇಳಿದಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಕದನದ ಹೊತ್ತಿನಲ್ಲಿ ಡ್ರಮ್ಮಿನ ಹುಡುಗರು ಏನು ಮಾಡುತ್ತಿದ್ದರು ಗೊತ್ತಾ? ಗಾಯಾಳುಗಳನ್ನು ಹೊರುತ್ತಿದ್ದರು. ಇದನ್ನು ಮಗನಿಗೆ ಮೊದಲೇ ಹೇಳಿ. ಆಂಟೀಟಮ್‌ನಲ್ಲಿ ಚಾರ್ಲಿ ಕಿಂಗ್ ಅಂತ ಒಬ್ಬ ಡ್ರಮ್ಮರ್ ಇದ್ದ, 49ನೇ ಪೆನ್ಸಿಲ್ವೇನಿಯಾ ಪಡೆ. 1862ರ ಸೆಪ್ಟೆಂಬರ್ 17ರಂದು ಪೆಟ್ಟು ಬಿತ್ತು, 20ಕ್ಕೆ ಸತ್ತ. ಅವನಿಗೆ 13 ವರ್ಷ. ನಿಮ್ಮ ಮಗನ ವಯಸ್ಸು ಓದಿದ ತಕ್ಷಣ ನನಗೆ ಅವನೇ ನೆನಪಾದ. ಹೆದರಿಸಲು ಹೇಳುತ್ತಿಲ್ಲ. ಆ ದಿನ ಒಂದರಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000 ಮಂದಿ. ಆ ಲೆಕ್ಕ ಮನಸ್ಸಿಗೆ ಇಳಿಯುವುದಿಲ್ಲ. ಒಬ್ಬ ಹುಡುಗನ ಹೆಸರು ಇಳಿಯುತ್ತದೆ.

ನಾನು ಬಿಡದೆ ಹೇಳುವ ವಿಷಯ ಇನ್ನೊಂದಿದೆ. ಜನ ಬರುವುದು ಯುದ್ಧ ನೋಡಲು. ಆದರೆ ಉತ್ತರದ ಸೈನ್ಯದಲ್ಲಿ ಸತ್ತ ಸುಮಾರು 3,60,000 ಮಂದಿಯಲ್ಲಿ ಗುಂಡು, ಗಾಯದಿಂದ ಸತ್ತವರು 1,10,000 ಆಸುಪಾಸು. ಉಳಿದವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕ್ಯಾಂಪ್. ಭೇದಿ, ಆಮಶಂಕೆ, ಟೈಫಾಯಿಡ್, ಮಲೇರಿಯಾ. ಹಳ್ಳಿಯ ಹುಡುಗರು ಮೊದಲ ಸಲ ಸಾವಿರ ಜನರ ನಡುವೆ ಬಂದು ದಡಾರ ತಗುಲಿ ಸತ್ತರು. ಕಕ್ಕಸಿನ ಗುಂಡಿಗೆ ದಿನವೂ ಮಣ್ಣು ಎಳೆಯಬೇಕು ಅಂತ ನಿಯಮ ಇತ್ತು. ಎಳೆಯುತ್ತಿರಲಿಲ್ಲ. ರಾತ್ರಿ ಅಷ್ಟು ದೂರ ಯಾರು ಹೋಗುತ್ತಾರೆ ಅಂತ ಡೇರೆ ಹಿಂದೆಯೇ ಕೂರುತ್ತಿದ್ದರು. ಅದೇ ನೀರು ಹರಿದು ತೊರೆಗೆ. 1863ರ ಚಳಿಗಾಲದಲ್ಲಿ ಜನರಲ್ ಹೂಕರ್ ವರ್ಜೀನಿಯಾದಲ್ಲಿದ್ದ ಉತ್ತರದ ಸೈನ್ಯದ ಮುಖ್ಯಸ್ಥರಾದ ಮೇಲೆ ಕ್ಯಾಂಪ್ ಚೊಕ್ಕ ಮಾಡಿಸಿದರು. ವಾರಕ್ಕೆ ನಾಲ್ಕು ದಿನ ಮೆತ್ತನೆ ಬ್ರೆಡ್, ಎರಡು ದಿನ ಆಲೂಗಡ್ಡೆ ಅಥವಾ ಈರುಳ್ಳಿ ಕೊಡಬೇಕು ಅಂತ ಆಜ್ಞೆ ಮಾಡಿಸಿದರು. ಅಷ್ಟಕ್ಕೇ ಕಾಯಿಲೆ ಇಳಿಯಿತು. ನರ್ಸ್ ಆಗಿ ನನಗೆ ಆ ಈರುಳ್ಳಿ ಯಾವ ಫಿರಂಗಿಗಿಂತಲೂ ದೊಡ್ಡದು. ಅದಕ್ಕೇ ಹೇಳುತ್ತೇನೆ, ಮಗನಿಗೆ ಕ್ಯಾಂಪ್ ಸರಿಯಾಗಿ ಕಲಿಸಿ. ಎಲ್ಲಿ ಕೈ ತೊಳೆಯುತ್ತೇವೆ, ಎಲ್ಲಿ ನೀರು ತರುತ್ತೇವೆ, ಅದರಿಂದ ಶುರು ಮಾಡಿ.

ಊಟದ ವಿಷಯ ನಾಳೆ ಬರೆಯುತ್ತೇನೆ, ಕಣ್ಣು ಎಳೆಯುತ್ತಿದೆ. ಚಪಾತಿ ಬೇಡ. ನೀವು ಉಪವಾಸ ಇರದ ಹಾಗೆ ನಾನು ದಾರಿ ಹೇಳುತ್ತೇನೆ.

ಅರಸೀಕೆರೆ ಅಪ್ಪ

ಅಕ್ಕ, ಎರಡು ಸಲ ಓದಿದೆ. ಚಾರ್ಲಿ ಕಿಂಗ್ ವಿಷಯ ಮಗನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ, ಅವನು ಎಷ್ಟು ಎತ್ತರ ಇದ್ದ ಅಂತ ಕೇಳಿದ. ಡ್ರಮ್ ಮಾಡುತ್ತೇನೆ ಎಂದಿದ್ದಾನೆ. ಶಾಲೆಯ ಬ್ಯಾಂಡಿನಲ್ಲಿ ಹೇಗೂ ಬಾರಿಸುತ್ತಾನೆ. ಊರಿಗೆ ಹೋದಾಗ ಜಾತ್ರೆಯಲ್ಲಿ ತಮಟೆಯವರ ಹಿಂದೆಯೇ ಅಲೆಯುತ್ತಿರುತ್ತಾನೆ. ಊಟದ ದಾರಿಗೆ ಕಾಯುತ್ತಿದ್ದೇನೆ.

ಮೂಡಿಗೆರೆ ಅಕ್ಕ

ಸರಿ, ಊಟ.

ಸರ್ಕಾರದ ಲೆಕ್ಕದಲ್ಲಿ ಒಬ್ಬ ಸಿಪಾಯಿಗೆ ದಿನಕ್ಕೆ 12 ಔನ್ಸ್ ಹಂದಿ ಮಾಂಸ, ಇಲ್ಲವೇ 20 ಔನ್ಸ್ ದನದ ಮಾಂಸ. ಅದನ್ನು ಬಿಡಿ. ಅದೇ ಪಟ್ಟಿಯಲ್ಲಿ ಮುಂದೆ ಏನಿದೆ ನೋಡಿ: ಬೀನ್ಸ್ ಅಥವಾ ಬಟಾಣಿ, ಅಕ್ಕಿ, ಕಾಫಿ, ಸಕ್ಕರೆ, ವಿನೆಗರ್, ಉಪ್ಪು, ಮೆಣಸು, ಕಾಕಂಬಿ, ಸಿಕ್ಕಾಗ ಆಲೂಗಡ್ಡೆ. ಅಕ್ಕಿ! ನೂರು ಜನರಿಗೆ 10 ಪೌಂಡ್. ನನಗೆ ಇದು ಮೊದಲು ಕಂಡಾಗ ಆದ ಸಂತೋಷ ಹೇಳತೀರದು. ಹಾಗಾಗಿ ನೀವು ಅನ್ನ, ಬೀನ್ಸ್, ಸುಟ್ಟ ಆಲೂಗಡ್ಡೆ, ಈರುಳ್ಳಿ ತಿನ್ನಬಹುದು. ಯಾರೂ ಫಾರ್ಬ್ ಅನ್ನಲಾರರು. ಹುರಿದ ಕಡಲೆಕಾಯಿಯೂ ನಡೆಯುತ್ತದೆ. ನಿಮ್ಮ ಮೆಸ್‌ನವರಿಗೆ, ಅಂದರೆ ಒಟ್ಟಿಗೆ ಅಡುಗೆ ಮಾಡಿಕೊಳ್ಳುವ ನಾಲ್ಕೈದು ಜನಕ್ಕೆ, ಮೊದಲೇ ಹೇಳಿಬಿಡಿ. ಇಲ್ಲವಾದರೆ ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿಬಿಡುತ್ತಾರೆ. ಬಾಣಲೆಯೂ ನಿಮ್ಮದೇ ಇರಲಿ.

ಮುಖ್ಯ ಆಹಾರ ಹಾರ್ಡ್‌ಟ್ಯಾಕ್. ಗಟ್ಟಿ ಬಿಸ್ಕತ್ತು. ದಿನಕ್ಕೆ ಒಂದು ಪೌಂಡ್, ಅಂದರೆ ಒಂಬತ್ತು ಹತ್ತು ಬರುತ್ತದೆ. ಮನೆಯಲ್ಲೇ ಮಾಡಿ. ಮೈದಾ ಮೂರು ಲೋಟ, ನೀರು ಒಂದು ಲೋಟಕ್ಕೆ ಸ್ವಲ್ಪ ಕಮ್ಮಿ, ಚಿಟಿಕೆ ಉಪ್ಪು. ಎಣ್ಣೆ ಬೇಡ, ಸೋಡಾ ಬೇಡ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಅರ್ಧ ಅಂಗುಲ ದಪ್ಪ ಲಟ್ಟಿಸಿ, ಮೂರು ಅಂಗುಲದ ಚೌಕ ಕತ್ತರಿಸಿ. ಮೊಳೆಯಿಂದ ನಾಲ್ಕು ಸಾಲು ತೂತು, ಸಾಲಿಗೆ ನಾಲ್ಕು. ತೂತು ಆರಪಾರ ಹೋಗಬೇಕು, ಇಲ್ಲದಿದ್ದರೆ ಪೂರಿಯ ಹಾಗೆ ಉಬ್ಬುತ್ತದೆ. 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದೊಂದು ಮಗ್ಗುಲು ಅರ್ಧ ಗಂಟೆ. ಒಲೆ ಆರಿಸಿ ಒಳಗೇ ಬಿಡಿ. ಎರಡು ದಿನ ಬಿಟ್ಟು ಮೇಜಿನ ಮೇಲೆ ಬಡಿದರೆ ಹೆಂಚಿನ ಶಬ್ದ ಬರಬೇಕು. ನೇರ ಕಚ್ಚಬೇಡಿ, ಹಲ್ಲು ಹೋಗುತ್ತದೆ. ಕಾಫಿಯಲ್ಲಿ ನೆನೆಸಬೇಕು. ಆಗಿನವರದ್ದರಲ್ಲಿ ಹುಳ ಇರುತ್ತಿತ್ತು. 'ಹುಳದ ಕೋಟೆ' ಅಂತಲೇ ಕರೆಯುತ್ತಿದ್ದರು. ಬಿಸಿ ಕಾಫಿಗೆ ಹಾಕಿದರೆ ಹುಳ ಮೇಲೆ ತೇಲುತ್ತದೆ, ಚಮಚದಲ್ಲಿ ತೆಗೆದು ಬಿಸಾಕಿ ಕುಡಿಯುವುದು. ಅವರು ನೆನೆಸಿದ ಬಿಸ್ಕತ್ತನ್ನು ಹಂದಿ ಕೊಬ್ಬಿನಲ್ಲಿ ಹುರಿಯುತ್ತಿದ್ದರು. ನಾನು ಬೆಣ್ಣೆಯಲ್ಲಿ ಹುರಿದು ಮೇಲೆ ಕಾಕಂಬಿ ಹಾಕುತ್ತೇನೆ. ಕ್ಯಾಂಪ್ ವ್ಯಾಪಾರಿಗಳು ಬೆಣ್ಣೆಯನ್ನೂ ಮಾರುತ್ತಿದ್ದರು, ಬೆಲೆ ಮಾತ್ರ ವಿಪರೀತ.

ಕಾಫಿ ಬಗ್ಗೆ ನಾನು ಬರೆಯದೆ ಇರಲಾರೆ, ತೋಟದ ಮನೆಯಲ್ಲಿ ಬೆಳೆದವಳು. ಒಬ್ಬ ಸಿಪಾಯಿಗೆ ವರ್ಷಕ್ಕೆ ಸುಮಾರು 36 ಪೌಂಡ್ ಕಾಫಿ ಲೆಕ್ಕ. ಅನೇಕ ಸಲ ಹುರಿಯದ ಹಸಿರು ಬೀಜವನ್ನೇ ಕೊಡುತ್ತಿದ್ದರು. ಊರಿಗೆ ಹೋದಾಗ ನಾನು ನಮ್ಮ ತೋಟದ ಅರೇಬಿಕಾ ಎರಡು ಕೆಜಿ ತರುತ್ತೇನೆ. ಕಬ್ಬಿಣದ ಬಾಣಲೆಯನ್ನು ಕೆಂಡದ ಮೇಲೆ ಇಟ್ಟು ಕೈ ಬಿಡದೆ ಆಡಿಸಬೇಕು. ಮೊದಲು ಹುಲ್ಲು ಬೇಯಿಸಿದ ವಾಸನೆ. ಬೀಜ ಹಳದಿ ತಿರುಗುತ್ತದೆ. ಆಮೇಲೆ ಹೊಟ್ಟು ಹಾರುತ್ತದೆ, ಚಟಪಟ ಸಿಡಿಯಲು ಶುರುವಾಗುತ್ತದೆ. ಸಿಡಿಯುವುದು ಕಮ್ಮಿಯಾದಾಗ ಇಳಿಸಿ. ಒಂದು ಕಪ್ಪು, ಒಂದು ಕಂದು, ಎಲ್ಲಾ ಒಂದೇ ತರ ಆಗುವುದಿಲ್ಲ, ಆಗಲೂ ಆಗುತ್ತಿರಲಿಲ್ಲ. ಬಟ್ಟೆ ಚೀಲಕ್ಕೆ ಹಾಕಿ ಕಲ್ಲಿನ ಮೇಲಿಟ್ಟು ಬಂದೂಕಿನ ಹಿಂಬದಿಯಿಂದ ಜಜ್ಜುವುದು. ತಂತಿ ಹಿಡಿಯ ತಗಡಿನ ಲೋಟದಲ್ಲಿ ನೇರ ಬೆಂಕಿಯ ಮೇಲೆ ಕುದಿಸಿ, ಕೊನೆಗೆ ಒಂದು ಗುಟುಕು ತಣ್ಣೀರು ಹಾಕಿದರೆ ಗಸಿ ತಳ ಸೇರುತ್ತದೆ. ನಮ್ಮಮ್ಮ ಬಾಣಲೆಯಲ್ಲಿ ಹುರಿಯುತ್ತಿದ್ದ ವಾಸನೆಯೇ ಅದು. ಪೆನ್ಸಿಲ್ವೇನಿಯಾದ ಹೊಲದಲ್ಲಿ, ಬೆಳಗಿನ ಐದು ಗಂಟೆಯ ಮಂಜಿನಲ್ಲಿ, ನನಗೆ ನಮ್ಮ ಮನೆಯ ಹಿತ್ತಿಲು ಕಾಣುತ್ತದೆ.

ಇನ್ನೊಂದು ಗಮನಿಸಿ. ಕಾಫಿಗೆ ನೀರು ಕುದಿಸಬೇಕಲ್ವಾ. ರೋಗಾಣು ಅಂದರೆ ಏನೆಂದೇ ಗೊತ್ತಿಲ್ಲದ ಕಾಲ. ಕಾಫಿ ಕುಡಿದವನ ಹೊಟ್ಟೆಗೆ ಅಷ್ಟರ ಮಟ್ಟಿಗೆ ಒಳ್ಳೆಯ ನೀರು ಹೋಯಿತು. ಬಂದರುಗಳಿಗೆ ದಿಗ್ಬಂಧನ ಇದ್ದದ್ದರಿಂದ ದಕ್ಷಿಣದವರಿಗೆ ಕಾಫಿ ಸಿಗುತ್ತಿರಲಿಲ್ಲ. ಚಿಕೋರಿ, ಗೆಣಸು, ಬೆಂಡೆಕಾಯಿ ಬೀಜವನ್ನೆಲ್ಲ ಹುರಿದು ಕುದಿಸಿದರು. ಕಾವಲಿನವರು ನದಿಯ ಎರಡೂ ದಡದಿಂದ ಕದ್ದು ಕಾಫಿಗೆ ಹೊಗೆಸೊಪ್ಪು ಬದಲಾಯಿಸಿಕೊಳ್ಳುತ್ತಿದ್ದರು. ಆಂಟೀಟಮ್‌ನಲ್ಲಿ 23ನೇ ಒಹಾಯೋ ಪಡೆಯ ಉಗ್ರಾಣದ ಸಾರ್ಜೆಂಟ್ ಒಬ್ಬ, 19 ವರ್ಷದ ಹುಡುಗ, ಗುಂಡು ಹಾರುತ್ತಿರುವಾಗಲೇ ಬಿಸಿ ಕಾಫಿ, ಊಟ ಗಾಡಿಯಲ್ಲಿ ತಂದು ಬಡಿಸಿದ. ಹೆಸರು ವಿಲಿಯಂ ಮೆಕಿನ್ಲಿ, ಮುಂದೆ ಅಧ್ಯಕ್ಷನಾದವನು. ಅದಕ್ಕೊಂದು ಸ್ಮಾರಕವೂ ಅಲ್ಲಿದೆ. ಬರ್ನ್‌ಸೈಡ್ ಸೇತುವೆ ಹತ್ತಿರ, ನೋಡಿಕೊಂಡು ಬನ್ನಿ.

ಮಲಗುವುದು: ಸಿಪಾಯಿ ಒಬ್ಬನ ಹತ್ತಿರ ಅರ್ಧ ಡೇರೆ ಮಾತ್ರ. ಇನ್ನೊಬ್ಬನ ಅರ್ಧಕ್ಕೆ ಗುಂಡಿ ಹಾಕಿದರೆ ಒಂದು. ನೀವೂ ಮಗನೂ ತಲಾ ಅರ್ಧ. ಎರಡೂ ತುದಿ ತೆರೆದೇ ಇರುತ್ತದೆ, ಕಾಲು ಹೊರಗೆ. ಕೆಳಗೆ ರಬ್ಬರ್ ಬಟ್ಟೆ, ಮೇಲೆ ಉಣ್ಣೆ ಕಂಬಳಿ. ಒದ್ದೆಯಾದರೂ ಉಣ್ಣೆ ಕೈಬಿಡುವುದಿಲ್ಲ ಅಂತ ನಮ್ಮ ಕಡೆ ಕುರಿ ಕಾಯುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ಹತ್ತಿ ಬನಿಯನ್ ಒದ್ದೆ ಮಾಡಿಕೊಂಡು ಮಲಗಬೇಡಿ. ಮಳೆ ಬಂದರೆ ಡೇರೆಯ ಬಟ್ಟೆಯನ್ನು ಒಳಗಿನಿಂದ ಮುಟ್ಟಲೇಬೇಡಿ, ಮುಟ್ಟಿದ ಜಾಗದಿಂದ ಬೆಳಗಿನ ತನಕ ತೊಟ್ಟಿಕ್ಕುತ್ತದೆ.

ಗದಗ ಹತ್ತಿ

ಅಕ್ಕಾರ, ಭಾಳ ಚೊಲೋ ಬರೆದೀರಿ. ನಿಮ್ಮ ಹಾರ್ಡ್‌ಟ್ಯಾಕ್ ಓದಿ ನಮ್ಮ ಕಡಕ್ ರೊಟ್ಟಿ ನೆನಪಾಯಿತು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು ಬಿಸಿಲಿಗೆ ಒಣಗಿಸಿ ಬುಟ್ಟಿ ತುಂಬಿ ಇಟ್ಟರೆ ತಿಂಗಳಾದರೂ ಕೆಡುವುದಿಲ್ಲ.

ಆ ಯುದ್ಧಕ್ಕೂ ನಮ್ಮ ಸೀಮೆಗೂ ಸಂಬಂಧ ಇದೆ, ಅದನ್ನು ಇಲ್ಲಿ ಹೇಳಬೇಕು ಅನಿಸಿತು. 1840ರ ದಶಕದಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿ ಬೀಜ ಧಾರವಾಡ ಜಿಲ್ಲೆಗೆ ಬಂದಿತ್ತು. 'ಧಾರವಾಡ ಅಮೆರಿಕನ್' ಅಂತಲೇ ಅದರ ಹೆಸರು. 1861ರಲ್ಲಿ ಯುದ್ಧ ಶುರುವಾಗಿ ದಕ್ಷಿಣದ ಬಂದರು ಮುಚ್ಚಿದ್ದೇ ತಡ, ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಇಲ್ಲ. ಎಲ್ಲರ ಕಣ್ಣು ಈ ಕಡೆ. ನಮ್ಮ ಎರೆಭೂಮಿಯ ಹತ್ತಿಗೆ ಚಿನ್ನದ ಬೆಲೆ. ಅದನ್ನು ಸಾಗಿಸಲು ಕಾರವಾರ ಬಂದರು ಬೆಳೆಸಬೇಕು ಅಂತ 1862ರಲ್ಲಿ ಉತ್ತರ ಕನ್ನಡವನ್ನೇ ಮದರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿಯಿತು. ಬೆಲೆ ದಪ್ಪಂತ ಬಿತ್ತು, ಮುಂಬೈ ಷೇರು ಪೇಟೆಯೂ ಮುಳುಗಿತು. ಅರಸೀಕೆರೆ ಅಪ್ಪ ಅವರೇ, ನಿಮಗೂ ಆ ಯುದ್ಧಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ಇದನ್ನೂ ಹೇಳಿ.

ಮೂಡಿಗೆರೆ ಅಕ್ಕ

ಇದು ನನಗೆ ಗೊತ್ತೇ ಇರಲಿಲ್ಲ! ಇನ್ನು ಮುಂದೆ ನನ್ನ ಡೇರೆಯಲ್ಲಿ ಬ್ಯಾಂಡೇಜ್ ಬಟ್ಟೆ ತೋರಿಸುವಾಗ ಧಾರವಾಡದ ಮಾತೂ ಬರುತ್ತದೆ.

ಅರಸೀಕೆರೆ ಅಪ್ಪ

ಹೋಗಿ ಬಂದೆವು. ನಿನ್ನೆ ಸಂಜೆ ಮನೆ ಸೇರಿದೆವು. ಬರೆಯುತ್ತೇನೆ ಎಂದಿದ್ದೆ, ಬರೆಯುತ್ತಿದ್ದೇನೆ.

ಎಲ್ಲಾ ಎರವಲು ಸಾಮಾನು. ಕೋಟು ನನಗೆ ಬಿಗಿ, ಮಗನಿಗೆ ಸಡಿಲ. ಅವನ ತೋಳು ಎರಡು ಸಲ ಮಡಚಬೇಕಾಯಿತು. ಮೊದಲ ರಾತ್ರಿ ಮಳೆ ಇರಲಿಲ್ಲ, ಆದರೆ ಇಬ್ಬನಿ. ಮೂರು ಗಂಟೆಗೆ ಎಚ್ಚರವಾಯಿತು. ಚಳಿ. ಅಕ್ಕಪಕ್ಕದ ಡೇರೆಗಳಲ್ಲಿ ಕೆಮ್ಮು. ಮಗ ನನಗೆ ಅಂಟಿಕೊಂಡು ಮಲಗಿದ್ದ. ಅವನು ಹಾಗೆ ಮಲಗಿ ಆರೇಳು ವರ್ಷವಾಗಿತ್ತು. ನಿದ್ದೆ ಬಂದಿಲ್ವಾ ಅಂತ ಕೇಳಿದೆ. ಕೆಮ್ಮು ಕೇಳಿಸಿಕೊಳ್ಳುತ್ತಿದ್ದೇನೆ ಎಂದ. ಅಕ್ಕ ಹೇಳಿದ್ದರಲ್ಲ ಅಂದ. ಸ್ವಲ್ಪ ಹೊತ್ತು ಬಿಟ್ಟು, ಅಪ್ಪಾ, ಇವರಿಗೆ ಯಾರಿಗೂ ಹುಷಾರು ತಪ್ಪಿಲ್ಲ ತಾನೇ ಎಂದ. ಇಲ್ಲ ಕಣೋ, ಬೆಳಿಗ್ಗೆ ಎಲ್ಲರೂ ಏಳುತ್ತಾರೆ ಎಂದೆ.

ಬೆಳಿಗ್ಗೆ ಅವನೇ ಡ್ರಮ್ ಬಾರಿಸಿದ. ಹಗ್ಗ ಬಿಗಿಯುವ ಡ್ರಮ್. ಇಬ್ಬನಿಗೆ ಚರ್ಮ ಸಡಿಲವಾಗಿ ಶಬ್ದವೇ ಬರಲಿಲ್ಲ. ತಮಟೆ ಕಾಯಿಸುವುದನ್ನು ಜಾತ್ರೆಯಲ್ಲಿ ನೋಡಿದ್ದನಲ್ಲ, ಓಡಿ ಹೋಗಿ ಒಲೆಯ ಹತ್ತಿರ ಹಿಡಿದ. ಅಲ್ಲಿದ್ದ ಹಿರಿಯ ಡ್ರಮ್ಮರ್, ಇಷ್ಟು ಹತ್ತಿರ ಬೇಡ, ಹಗ್ಗ ಬಿಗಿಯೋಣ ಬಾ ಅಂತ ತೋಳು ಹಿಡಿದು ಕರೆದುಕೊಂಡು ಹೋದರು. ಇದು ಎಲ್ಲಿ ಕಲಿತೆ ಅಂತ ಕೇಳಿದರಂತೆ. ನಮ್ಮ ಅಜ್ಜಿ ಊರಿನಲ್ಲಿ ಅಂತ ಹೇಳಿದನಂತೆ. ನನ್ನ ಹಳೆಯ ಸಂಕೋಚ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಜನ ನೋಡಲು ಬಂದಾಗ ಹುಡುಗರೆಲ್ಲ ಸೇರಿ ಸ್ಟ್ರೆಚರ್ ಹೊತ್ತರು. ಮೇಲೆ ಮಲಗಿದ್ದವರು ಆರಡಿ ಆಳು. ಅರ್ಧ ಹೊಲ ದಾಟುವಷ್ಟರಲ್ಲಿ ಮಗನ ಕೈ ಜಾರಿತು. ಇಳಿಸಿ, ಅಂಗೈ ಒರೆಸಿಕೊಂಡು, ಮತ್ತೆ ಎತ್ತಿದ. ಮುಖ ಕೆಂಪಾಗಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ನೋಡುತ್ತಾ ನಿಂತಿದ್ದರು.

ಅನ್ನ, ಬೀನ್ಸ್ ಸಾಕಾಯಿತು. ನಮ್ಮ ಹಾರ್ಡ್‌ಟ್ಯಾಕ್ ಮೆಸ್‌ನವರಿಗೆಲ್ಲ ಇಷ್ಟವಾಯಿತು. ಮೆಕಿನ್ಲಿ ಸ್ಮಾರಕ ಬರುವಾಗ ನೋಡಿದೆವು.

ಒಂದು ಪ್ರಶ್ನೆ ಉಳಿದಿದೆ. ಎರವಲು ತಂದ ಕಂಬಳಿ ಹೊಗೆ ವಾಸನೆ ಹೊಡೆಯುತ್ತಿದೆ, ಅಂಚಿನಲ್ಲಿ ಕೆಸರು. ಒಗೆದು ವಾಪಸ್ ಕೊಡಬೇಕು. ವಾಷಿಂಗ್ ಮಷೀನಿಗೆ ಹಾಕಬಹುದಾ?

ಮೂಡಿಗೆರೆ ಅಕ್ಕ

ಹಾಕಬೇಡಿ! ಬಿಸಿನೀರು ತಾಗಿದರೆ ಕುಗ್ಗಿ ತಲೆದಿಂಬಿನ ಹೊದಿಕೆಯಷ್ಟಾಗುತ್ತದೆ. ಕೆಸರು ಪೂರ್ತಿ ಒಣಗಲಿ, ಆಮೇಲೆ ಬ್ರಷ್‌ನಿಂದ ಉಜ್ಜಿ ಉದುರಿಸಿ. ಕಲೆ ಉಳಿದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ನೆರಳಿನಲ್ಲಿ ಎರಡು ದಿನ ಗಾಳಿಗೆ ಹಾಕಿ. ಹೊಗೆ ವಾಸನೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಹಾಗೇ ಮಡಿಸಿ ಕೊಡಿ. ಮಗನ ಅಂಗೈಯಲ್ಲಿ ಬೊಬ್ಬೆ ಇದ್ದರೆ ಒಡೆಯಬೇಡಿ, ತಾನಾಗಿಯೇ ಆರಲಿ.